ಹಸಿರು ದೀಪದ ಅರ್ಧಸತ್ಯ

ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೋಣೆ, ಕಾಲೇಜಿನ ಲ್ಯಾಬಿನ ಮೂಲೆ, ಕಾರ್ಖಾನೆಯ ವೇಬ್ರಿಜ್ ಪಕ್ಕದ ಗೂಡು, ಬೆಂಗಳೂರಿನ ಕಂಬಗಳಿಗೆ ಕಟ್ಟಿರುವ ಕೇಬಲ್‌ನವರ ಡಬ್ಬ. ಎಲ್ಲಿ ಬಾಗಿಲು ತೆಗೆದು ನೋಡಿದರೂ ವೈರುಗಳ ಗೋಜಲಿನ ನಡುವೆ ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ ಇರುತ್ತದೆ. ಅದರ ಒಂದು ಬದಿಗೆ ಎಲ್ಲರೂ ಬಲ್ಲ ಲ್ಯಾನ್ ಕೇಬಲ್. ಇನ್ನೊಂದು ಬದಿಗೆ ನೀಲಿ ಮೂತಿಯ, ತೆಳುವಾದ ಹಳದಿ ಎಳೆ. ಮುಂಭಾಗದಲ್ಲಿ ಐದಾರು ಸಣ್ಣ ದೀಪಗಳು. ಇದು ಮೀಡಿಯಾ ಕನ್ವರ್ಟರ್. ತಾಮ್ರದ ತಂತಿಯಲ್ಲಿ ವಿದ್ಯುತ್ತಾಗಿ ಬಂದ ಈಥರ್‌ನೆಟ್ ಸಂಕೇತವನ್ನು ಬೆಳಕಾಗಿಸಿ ಗಾಜಿನ ಎಳೆಗೆ ದಾಟಿಸುತ್ತದೆ, ಆ ಕಡೆಯಿಂದ ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸಿ ಈ ಕಡೆ ಕೊಡುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇದು ಜೋಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಸೆಟ್ಟಿಂಗ್ ಏನಾದರೂ ಇದೆಯೇ ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಏನೂ ಇಲ್ಲ ಸಾರ್, ಚುಚ್ಚಿದ್ರೆ ಆಯ್ತು.' ಮುಕ್ಕಾಲು ಪಾಲು ಅದು ನಿಜವೇ. ಉಳಿದ ಕಾಲು ಪಾಲಿನಲ್ಲಿ ಜಗತ್ತಿನ ಸಣ್ಣ ನೆಟ್‌ವರ್ಕ್‌ಗಳ ಎಷ್ಟೋ ತಲೆನೋವುಗಳು ಮನೆ ಮಾಡಿಕೊಂಡಿವೆ.

ರಸ್ತೆ ಅಗೆಯುವ ಜೆಸಿಬಿ ಫೈಬರನ್ನು ಕಡಿಯಿತು ಎಂದುಕೊಳ್ಳಿ. ಆ ಬದಿಯ ಕ್ಯಾಮೆರಾಗಳೆಲ್ಲ ಕತ್ತಲು. ಆದರೆ ಕಚೇರಿಯ ಸ್ವಿಚ್ಚಿನಲ್ಲಿ ಆ ಪೋರ್ಟಿನ ದೀಪ ಮಾತ್ರ ಹಸಿರಾಗಿ ಉರಿಯುತ್ತಲೇ ಇದೆ. ಸ್ವಿಚ್ಚಿನ ಕಣ್ಣಿಗೆ ಬೀಳುವುದು ತನಗೂ ಕನ್ವರ್ಟರಿಗೂ ನಡುವಿನ ಒಂದೂವರೆ ಮೀಟರ್ ಲ್ಯಾನ್ ಕೇಬಲ್ ಅಷ್ಟೇ, ಅದು ಸರಿಯಾಗಿಯೇ ಇದೆ. ಎದುರಿನವನು ಎದ್ದು ಹೋದಮೇಲೂ ಇತ್ತ ತಿರುಗಿ 'ಹೂಂ, ಹೂಂ' ಎಂದು ತಲೆಯಾಡಿಸುತ್ತ ಕೂತ ದುಭಾಷಿಯ ಹಾಗೆ ಕನ್ವರ್ಟರ್ ವರ್ತಿಸುತ್ತಿದೆ. ಅದು ಹೇಳಿದ್ದರಲ್ಲಿ ಸುಳ್ಳಿಲ್ಲ, ಪೂರ್ತಿ ನಿಜವೂ ಇಲ್ಲ. ಪೂರ್ತಿ ನಿಜ ಹೇಳಿಸಬೇಕಾದರೆ ಪೆಟ್ಟಿಗೆಯ ತಳದಲ್ಲೋ ಪಕ್ಕದಲ್ಲೋ ಇರುವ, ಬಹುತೇಕರು ಕಣ್ಣೆತ್ತಿಯೂ ನೋಡದ, ಸಣ್ಣ ಬಿಳಿ ಗುಂಡಿಗಳ ಸಾಲಿನ ಕಡೆ ಗಮನ ಕೊಡಬೇಕು.

ನೂರು ಮೀಟರಿನ ಗೆರೆ

ಈ ಪೆಟ್ಟಿಗೆ ಬೇಕಾಗುವುದಕ್ಕೆ ಮೂಲ ಕಾರಣ ಒಂದು ಅಳತೆ. ತಾಮ್ರದ ಜೋಡಿ ತಂತಿಗಳ ಈಥರ್‌ನೆಟ್ 100 ಮೀಟರ್ ದಾಟಬಾರದು. ಗೋಡೆ, ಪೈಪುಗಳೊಳಗೆ ಹೋಗುವ ಕೇಬಲ್ಲಿಗೆ 90 ಮೀಟರ್, ಎರಡು ತುದಿಗಳ ಪ್ಯಾಚ್ ಕಾರ್ಡುಗಳಿಗೆ ಒಟ್ಟು 10 ಮೀಟರ್ ಎಂಬುದು ನಿಯಮ. ಅದಕ್ಕಿಂತ ಮುಂದೆ ಸಂಕೇತ ಸೊರಗುತ್ತದೆ, ಪಕ್ಕದ ಜೋಡಿಯ ಗದ್ದಲ ಮೇಲುಗೈ ಸಾಧಿಸುತ್ತದೆ. 130 ಮೀಟರ್ ಎಳೆದು 'ನಡೀತಾ ಇದೆಯಲ್ಲ' ಎನ್ನುವವರೂ ಇದ್ದಾರೆ. ನಡೆಯುತ್ತದೆ, ಬೇಸಿಗೆಯ ಬಿಸಿಲಿಗೆ ತಂತಿಯ ರೋಧ ಏರುವವರೆಗೆ, ಅಥವಾ ಕ್ರಿಂಪಿಂಗ್ ಒಂದು ಚೂರು ಸಡಿಲಾಗುವವರೆಗೆ.

ಅಪಾರ್ಟ್‌ಮೆಂಟಿನ ಹಿಂಬದಿ ಗೇಟು ಸಾಮಾನ್ಯವಾಗಿ ಈ ಗೆರೆಯ ಆಚೆಗೆ ಬೀಳುತ್ತದೆ. ಕಾಲೇಜಿನ ಹಾಸ್ಟೆಲ್ಲು, ಎಸ್ಟೇಟಿನ ಪಲ್ಪಿಂಗ್ ಯಾರ್ಡು, ಕಾರ್ಖಾನೆಯ ಪಂಪ್‌ಹೌಸುಗಳ ಕತೆಯೂ ಅದೇ. ಅಲ್ಲಿಂದ ಮುಂದೆ ಗಾಜಿನ ಎಳೆಯೇ ದಾರಿ.

ಗಾಜಿನ ಎಳೆಯ ಕತೆಯಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದವರು. ಆದರೆ ದೂರಸಂಪರ್ಕಕ್ಕೆ ಅಂದಿನ ಗಾಜು ಪ್ರಯೋಜನಕ್ಕೆ ಬರುತ್ತಿರಲಿಲ್ಲ, ಕೆಲವೇ ಮೀಟರುಗಳಲ್ಲಿ ಬೆಳಕು ಕರಗಿಹೋಗುತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್, ದೋಷ ಗಾಜಿನದಲ್ಲ, ಅದರಲ್ಲಿರುವ ಕಲ್ಮಶದ್ದು ಎಂದು ವಾದಿಸಿದರು. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟದ ಗಾಜು ಸಿಕ್ಕರೆ ಸಾಕು ಎಂದರು. ಅಂದರೆ ಒಂದು ಕಿಲೋಮೀಟರ್ ಸಾಗಿದಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಅದು ಗೆಲುವೇ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಆ ಗೆರೆ ದಾಟಿದರು. ಕಾವ್ ಅವರಿಗೆ ನೊಬೆಲ್ ಬಂದಾಗ 2009. ಇವತ್ತು ಎಸ್.ಪಿ. ರೋಡಿನಲ್ಲಿ ಡ್ರಮ್ಮಿಗಟ್ಟಲೆ ಸಿಗುವ ಸಾಮಾನ್ಯ ಸಿಂಗಲ್ ಮೋಡ್ ಫೈಬರಿನ ನಷ್ಟ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್. ಒಂದು ಕಿಲೋಮೀಟರ್ ದಾಟಿದಮೇಲೂ ನೂರರಲ್ಲಿ ತೊಂಬತ್ತೆರಡು ಪಾಲು ಬೆಳಕು ಉಳಿದಿರುತ್ತದೆ.

ಬೆಳಕಿನ ಬದಿ ರಾಜಿಗೆ ಒಪ್ಪದು

ಲ್ಯಾನ್ ಕೇಬಲ್ ಚುಚ್ಚಿದ ತಕ್ಷಣ ಎರಡೂ ಉಪಕರಣಗಳು ಪುಟ್ಟ ಮಿಡಿತಗಳನ್ನು ಕಳಿಸಿಕೊಂಡು ಮಾತುಕತೆ ನಡೆಸುತ್ತವೆ. ನಿನಗೆ 1000 ಆಗುತ್ತದೆಯೇ, ಇಲ್ಲವಾದರೆ 100 ಆದೀತೇ, ಏಕಕಾಲಕ್ಕೆ ಎರಡೂ ದಿಕ್ಕಿಗೆ ಹರಿಸಬಲ್ಲೆಯಾ (ಫುಲ್ ಡ್ಯೂಪ್ಲೆಕ್ಸ್), ಇಲ್ಲ ಸರದಿಯಲ್ಲಿ ಮಾತ್ರವೇ (ಹಾಫ್) ಎಂದೆಲ್ಲ ಕೇಳಿಕೊಂಡು, ಇಬ್ಬರಿಗೂ ಸಲ್ಲುವ ಗರಿಷ್ಠ ವೇಗಕ್ಕೆ ಹೊಂದಿಕೊಳ್ಳುತ್ತವೆ. ಇದಕ್ಕೆ ಆಟೋ ನೆಗೋಶಿಯೇಷನ್ ಎನ್ನುತ್ತಾರೆ. ತಾಮ್ರದ ಈ ಸೌಜನ್ಯಕ್ಕೆ ಒಗ್ಗಿಹೋದವರು ಫೈಬರಿನಲ್ಲೂ ಅದನ್ನೇ ನಿರೀಕ್ಷಿಸುತ್ತಾರೆ. ಅಲ್ಲಿ ಹಾಗಿಲ್ಲ. 100 ಮೆಗಾಬಿಟ್ಟಿನ ಫೈಬರ್ ಪೋರ್ಟು 100ರಲ್ಲೇ ಮಾತಾಡುತ್ತದೆ, ಗಿಗಾಬಿಟ್ ಪೋರ್ಟು 1000ದಲ್ಲೇ. ಒಂದು ತುದಿಗೆ ಹಳೆಯ 10/100 ಪೆಟ್ಟಿಗೆ, ಇನ್ನೊಂದು ತುದಿಗೆ ಹೊಸ ಗಿಗಾಬಿಟ್ ಪೆಟ್ಟಿಗೆ ಹಾಕಿದರೆ ಬೆಳಕು ಸರಿಯಾಗಿ ತಲುಪುತ್ತದೆ, ಪವರ್ ಮೀಟರಿನಲ್ಲಿ ಒಳ್ಳೆಯ ಅಂಕಿಯೂ ಬರುತ್ತದೆ, ಲಿಂಕ್ ಮಾತ್ರ ಬರುವುದೇ ಇಲ್ಲ. ಸುಟ್ಟ ಪೆಟ್ಟಿಗೆಯನ್ನು ಬದಲಿಸಲು ಅಂಗಡಿಗೆ ಓಡಿದವರು ಸಿಕ್ಕಿದ್ದನ್ನು ತಂದು ಸಿಕ್ಕಿಬೀಳುವುದು ಇಲ್ಲೇ.

ಗಿಗಾಬಿಟ್ ಫೈಬರಿನಲ್ಲಿ ಆಟೋ ಎಂಬ ಒಂದು ಆಯ್ಕೆ ಇದೆ, ಆದರೆ ಅದು ವೇಗದ ಚೌಕಾಸಿಯಲ್ಲ. ಡ್ಯೂಪ್ಲೆಕ್ಸ್, ಫ್ಲೋ ಕಂಟ್ರೋಲ್ ಇಷ್ಟರ ಒಪ್ಪಂದ. ಇದರದ್ದೊಂದು ವಿಚಿತ್ರ ಇದೆ. ಒಂದು ತುದಿಯಲ್ಲಿ ಕನ್ವರ್ಟರ್, ಇನ್ನೊಂದು ತುದಿಯಲ್ಲಿ ನೇರ ಸ್ವಿಚ್ಚಿನ ಎಸ್‌ಎಫ್‌ಪಿ ಪೋರ್ಟು, ಅಂದರೆ ಬೆಳಕಿನ ಮಾಡ್ಯೂಲನ್ನು ಚುಚ್ಚುವ ಬಾಯಿ, ಇರುವ ಜೋಡಣೆ ಈಗ ಸಾಮಾನ್ಯ. ಒಂದು ಕಡೆ ಆಟೋ, ಇನ್ನೊಂದು ಕಡೆ ಫೋರ್ಸ್, ಅಂದರೆ ಮಾತುಕತೆಯೇ ಇಲ್ಲ, ಎಂದಿಟ್ಟರೆ, ಫೋರ್ಸ್ ಇರುವ ಕಡೆ ಲಿಂಕ್ ದೀಪ ಉರಿಯುತ್ತದೆ, ಆಟೋ ಇರುವ ಕಡೆ ಉರಿಯುವುದಿಲ್ಲ. ಆಟೋದವನು ಬರಬೇಕಾದ ಉತ್ತರಕ್ಕೆ ಕಾಯುತ್ತ ಕೂತಿರುತ್ತಾನೆ, ಫೋರ್ಸ್‌ನವನು ಬೆಳಕು ಕಂಡದ್ದೇ ಸಾಕೆಂದು ಎದ್ದು ನಿಂತಿರುತ್ತಾನೆ. ಫೋನಿನಲ್ಲಿ ಈ ಕಡೆಯವರು 'ನಮ್ಮಲ್ಲಿ ಲಿಂಕ್ ಬಂದಿದೆ, ನಿಮ್ಮ ಕಡೆ ಪ್ರಾಬ್ಲಮ್' ಎನ್ನುತ್ತಾರೆ. ಆ ಕಡೆಯವರು ಮೊದಲು ಪ್ಯಾಚ್ ಕಾರ್ಡ್ ಬದಲಿಸುತ್ತಾರೆ, ಆಮೇಲೆ ಪೆಟ್ಟಿಗೆ ಬದಲಿಸುತ್ತಾರೆ, ಕೊನೆಗೆ ಸ್ಪ್ಲೈಸಿಂಗ್ ಹುಡುಗನನ್ನು ಕರೆಸುತ್ತಾರೆ. ದೋಷ ಮಾತ್ರ ಒಂದು ಗುಂಡಿಯದು.

ಡ್ಯೂಪ್ಲೆಕ್ಸ್ ಗುಂಡಿಯ ಕತೆ ಇನ್ನೂ ಹಳೆಯದು, ಇನ್ನೂ ಕಾಡುವಂಥದು. ಕನ್ವರ್ಟರಿನ ತಾಮ್ರದ ಬದಿಯನ್ನು 'ಫೋರ್ಸ್, 100, ಫುಲ್' ಎಂದು ಕಟ್ಟಿಹಾಕುತ್ತಾರೆ. ಅದಕ್ಕೆ ಜೋಡಿಸಿದ ಸ್ವಿಚ್ಚು ಆಟೋದಲ್ಲಿರುತ್ತದೆ. ಎದುರಿನಿಂದ ಮಾತುಕತೆಯ ಮಿಡಿತ ಬಾರದಿದ್ದಾಗ ಸ್ವಿಚ್ಚು ಸಂಕೇತ ನೋಡಿ ವೇಗ 100 ಎಂದು ಕಂಡುಕೊಳ್ಳುತ್ತದೆ. ಡ್ಯೂಪ್ಲೆಕ್ಸ್ ಯಾವುದೆಂದು ತಿಳಿಯುವ ದಾರಿ ಅದಕ್ಕಿಲ್ಲ, ನಿಯಮದ ಪ್ರಕಾರ ಹಾಫ್ ಎಂದೇ ಹಿಡಿಯುತ್ತದೆ. ಈಗ ಒಬ್ಬರು ಯಾವಾಗ ಬೇಕೆಂದರೆ ಆಗ ಕಳಿಸುತ್ತಾರೆ, ಇನ್ನೊಬ್ಬರು ಅದನ್ನು ಡಿಕ್ಕಿ ಎಂದು ಎಣಿಸಿ ಕಳಿಸುತ್ತಿದ್ದುದನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ಪಿಂಗ್ ಮಾಡಿದರೆ ಎಲ್ಲ ಸೊಗಸು, ಒಂದೂ ತಪ್ಪುವುದಿಲ್ಲ. ಒಂದು ದೊಡ್ಡ ಕಡತ ಕಾಪಿ ಮಾಡಲು ಹೊರಟರೆ ಆಮೆ ವೇಗ. ಸ್ವಿಚ್ಚಿನ ಲೆಕ್ಕಪುಸ್ತಕ ತೆಗೆದರೆ ಹಾಫ್ ಬದಿಯಲ್ಲಿ ಲೇಟ್ ಕೊಲಿಷನ್ (ತಡವಾದ ಡಿಕ್ಕಿ), ಫುಲ್ ಬದಿಯಲ್ಲಿ ಅರ್ಧಕ್ಕೇ ಕೆಟ್ಟುಬಂದವುಗಳ ಸಿಆರ್‌ಸಿ ಎರರ್ ಸಾಲುಗಟ್ಟಿ ನಿಂತಿರುತ್ತವೆ. ನನ್ನ ಅನುಭವದ ಮಾತು: ತಾಮ್ರದ ಬದಿ ಎರಡೂ ಕಡೆ ಆಟೋ ಇರಲಿ, ಇಲ್ಲವೇ ಎರಡೂ ಕಡೆ ಕಟ್ಟಿಹಾಕಿರಲಿ. ಗಿಗಾಬಿಟ್ ಆದರೆ ಈ ಪ್ರಶ್ನೆಯೇ ಇಲ್ಲ, ತಾಮ್ರದ ಗಿಗಾಬಿಟ್‌ಗೆ ಆಟೋ ಕಡ್ಡಾಯ ಎಂದು 1999ರ ಐಇಇಇ ಮಾನದಂಡವೇ ಹೇಳುತ್ತದೆ.

ನಿಜ ಹೇಳಿಸುವ ಗುಂಡಿ

ಮೊದಲು ಹೇಳಿದ ಆ ಬಿಳಿ ಗುಂಡಿಗಳಿಗೆ ಡಿಪ್ ಸ್ವಿಚ್ ಎಂದು ಹೆಸರು. ಸಾಮಾನ್ಯವಾಗಿ ನಾಲ್ಕಿರುತ್ತವೆ, ಕೆಲವದರಲ್ಲಿ ಆರೋ ಎಂಟೋ. ಅಗಲ ಎರಡು ಮಿಲಿಮೀಟರ್ ಕೂಡ ಇಲ್ಲ. ಬೆರಳಿಗೆ ಸಿಗುವುದಿಲ್ಲ, ರೀಫಿಲ್ಲಿನ ತುದಿಯಿಂದ ತಳ್ಳಬೇಕು. ಯಾವುದು ಏನು ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, 'ಆನ್' ಎಂಬುದರ ಅರ್ಥವೂ ಒಂದೇ ಇರುವುದಿಲ್ಲ. ಬಹಳಷ್ಟು ಮಾದರಿಗಳು ಈ ಗುಂಡಿಗಳನ್ನು ಓದುವುದು ಕರೆಂಟು ಬಂದ ಕ್ಷಣದಲ್ಲಿ ಮಾತ್ರ. ಉರಿಯುತ್ತಿರುವಾಗ ಗುಂಡಿ ಸರಿಸಿ 'ಏನೂ ವ್ಯತ್ಯಾಸ ಆಗಲಿಲ್ಲ' ಎಂದವರು ಅಡಾಪ್ಟರ್ ಒಮ್ಮೆ ಕಿತ್ತು ಹಾಕಿ ನೋಡಿರುವುದಿಲ್ಲ.

ಈ ಸಾಲಿನಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು ಎಲ್‌ಎಫ್‌ಪಿ, ಬಿಡಿಸಿ ಹೇಳಿದರೆ ಲಿಂಕ್ ಫಾಲ್ಟ್ ಪಾಸ್‌ಥ್ರೂ. ಒಂದು ಬದಿಯ ಲಿಂಕ್ ಬಿದ್ದರೆ ಇನ್ನೊಂದು ಬದಿಯನ್ನೂ ಬೇಕೆಂದೇ ಬೀಳಿಸುವುದು ಇದರ ಕೆಲಸ. ಫೈಬರ್ ಕಡಿದರೆ ಎರಡೂ ತುದಿಯ ಕನ್ವರ್ಟರುಗಳು ತಮ್ಮ ತಾಮ್ರದ ಪೋರ್ಟನ್ನು ಆರಿಸುತ್ತವೆ. ಆ ಬದಿಯಲ್ಲಿ ಲ್ಯಾನ್ ಕೇಬಲ್ ಕಿತ್ತರೂ ಸುದ್ದಿ ಬೆಳಕಿನ ಮೂಲಕ ದಾಟಿ ಈ ಬದಿಯ ದೀಪ ಆರುತ್ತದೆ. ಹೀಗಾದಾಗ ಮಾತ್ರ ಕಚೇರಿಯ ಸ್ವಿಚ್ಚಿಗೆ ದಾರಿ ಮುಚ್ಚಿದೆ ಎಂಬುದು ಗೊತ್ತಾಗುತ್ತದೆ.

ಗೊತ್ತಾದರೆ ಏನು ಲಾಭ? ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿಗೆ ಎರಡು ಇಂಟರ್‌ನೆಟ್ ದಾರಿಗಳಿದ್ದವು. ಮುಖ್ಯವಾದದ್ದು ಕನ್ವರ್ಟರ್ ಮೂಲಕ ಬರುವ ಫೈಬರ್, ಅದು ಹೋದರೆ ತಾನಾಗಿಯೇ 4ಜಿ. ರೂಟರಿನಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಎಲ್ಲ ಇತ್ತು, ಆದರೆ ಅದು ನೋಡುತ್ತಿದ್ದುದು ಪೋರ್ಟಿನ ಲಿಂಕ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಸಂತೆಯ ದಿನವೇ ಎಲ್ಲೋ ಮರ ಬಿದ್ದು ಫೈಬರ್ ಹರಿಯಿತು. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿದೆ, ಪಾಸ್‌ಬುಕ್ ಹಿಡಿದವರ ಗೊಣಗಾಟ ಜೋರಾಗುತ್ತಿದೆ, 4ಜಿ ಮಾತ್ರ ಏಳುತ್ತಿಲ್ಲ. ರೂಟರಿನ ಕಣ್ಣಿಗೆ ಮುಖ್ಯ ದಾರಿ ಹಸಿರಾಗಿಯೇ ಇತ್ತು. ಗುಮಾಸ್ತರೊಬ್ಬರು ಸಿಟ್ಟಿಗೆ ಕನ್ವರ್ಟರಿನಿಂದ ಲ್ಯಾನ್ ಕೇಬಲ್ ಕಿತ್ತರು. ಕೆಲವೇ ಕ್ಷಣಗಳಲ್ಲಿ ನೆಟ್ ಬಂತು. ಕಿತ್ತದ್ದರಿಂದಲೇ ಹೇಗೆ ಬಂತು ಎಂದು ಅವರು ಬಹಳ ಹೊತ್ತು ತಲೆ ಕೆರೆದುಕೊಂಡರು. ಎಲ್‌ಎಫ್‌ಪಿ ಮಾಡಬೇಕಿದ್ದ ಕೆಲಸವನ್ನು ಅವರ ಕೈ ಮಾಡಿತ್ತು.

ವರ್ತುಲದಂತೆ ಫೈಬರ್ ಎಳೆದ ಕ್ಯಾಂಪಸ್ಸುಗಳಲ್ಲೂ ಇದೇ ಪ್ರಶ್ನೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿಯಲಿ ಎಂದು ಸ್ವಿಚ್ಚುಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ, ದಾರಿ ಆರಿಸುವ ವ್ಯವಸ್ಥೆ ಇಟ್ಟಿರುತ್ತಾರೆ. ಲಿಂಕ್ ಬಿದ್ದದ್ದು ಕಣ್ಣಿಗೆ ಕಂಡರೆ ಅದರ ಹೊಸ ಆವೃತ್ತಿ ತಕ್ಷಣವೇ ದಾರಿ ಬದಲಿಸುತ್ತದೆ. ಕಾಣದಿದ್ದರೆ ಎರಡು ಸೆಕೆಂಡಿಗೊಮ್ಮೆ ಬರಬೇಕಾದ ಸುದ್ದಿ ಮೂರು ಸಲ ತಪ್ಪುವವರೆಗೆ, ಅಂದರೆ ಆರು ಸೆಕೆಂಡು ಕಾಯುತ್ತದೆ. ಹಳೆಯ ಆವೃತ್ತಿಯಾದರೆ 20 ಸೆಕೆಂಡು ಕಾದು, ಆಮೇಲೆ ಇನ್ನೂ 30 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಫೋನ್ ಕರೆಗಳು ಕಡಿದಿರುತ್ತವೆ.

ಇಷ್ಟು ಒಳ್ಳೆಯ ಗುಂಡಿಯನ್ನು ಹಾಗಾದರೆ ಯಾರೂ ಆನ್ ಏಕೆ ಮಾಡಿರುವುದಿಲ್ಲ? ಅದಕ್ಕೂ ಕಾರಣವಿದೆ. ಎಲ್‌ಎಫ್‌ಪಿ ಆನ್ ಇದ್ದಾಗ ಹೊಸ ಲೈನ್ ಹಾಕುವುದು ಕಿರಿಕಿರಿ. ಆ ತುದಿಯಲ್ಲಿ ಕ್ಯಾಮೆರಾ ಇನ್ನೂ ಜೋಡಿಸಿಲ್ಲ ಎಂದರೆ ಈ ತುದಿಯಲ್ಲಿ ಲಿಂಕ್ ದೀಪ ಹತ್ತುವುದಿಲ್ಲ. ಹತ್ತದಿರುವುದಕ್ಕೆ ಕಾರಣ ಫೈಬರೋ ತಾಮ್ರವೋ, ಈ ಕಡೆಯದೋ ಆ ಕಡೆಯದೋ ಹೇಳಲಾಗುವುದಿಲ್ಲ. ಏಣಿ ಹತ್ತಿ ನಿಂತ ಹುಡುಗನಿಗೆ ಬೇಕಿರುವುದು ಒಂದು ಹಸಿರು ದೀಪ, ಕೆಳಗೆ ನಿಂತ ಸೆಕ್ರೆಟರಿಯವರ ಒಂದು ಸಹಿ. 'ನೋಡಿ ಸಾರ್, ಲೈಟ್ ಬಂತು' ಎನ್ನಲು ಅನುಕೂಲವಾಗಲೆಂದು ಗುಂಡಿ ಆಫ್ ಮಾಡುತ್ತಾನೆ. ಪರೀಕ್ಷೆಯ ಮಟ್ಟಿಗೆ ಹಾಗೆ ಮಾಡುವುದು ಸರಿಯಾದ ಕ್ರಮವೇ, ತಯಾರಕರ ಕೈಪಿಡಿಗಳೂ ಅದನ್ನೇ ಹೇಳುತ್ತವೆ. ಕೆಲಸ ಮುಗಿದಮೇಲೆ ಮತ್ತೆ ಆನ್ ಮಾಡಬೇಕು. ಅಷ್ಟು ಹೊತ್ತಿಗೆ ಅವನು ಬೈಕು ಏರಿ ಮುಂದಿನ ಸೈಟಿಗೆ ಹೋಗಿರುತ್ತಾನೆ.

ಎರಡು ಎಳೆಗಳ ಫೈಬರಿನಲ್ಲಿ ಅರ್ಧ ಸಾವು ಎಂಬುದೊಂದಿದೆ. ಹೋಗುವ ಎಳೆ ಕಡಿದಿದೆ, ಬರುವ ಎಳೆ ಸರಿಯಿದೆ. ಈ ತುದಿಗೆ ಬೆಳಕು ಬರುತ್ತಲೇ ಇರುವುದರಿಂದ ಇಲ್ಲಿ ಲಿಂಕ್ ಅಪ್, ಆ ತುದಿಯಲ್ಲಿ ಡೌನ್. 100 ಮೆಗಾಬಿಟ್ಟಿನ ಫೈಬರಿಗಾಗಿ ಇದಕ್ಕೊಂದು ಉಪಾಯವನ್ನು 1995ರ ಮಾನದಂಡದಲ್ಲೇ ಸೇರಿಸಿದ್ದಾರೆ, ಹೆಸರು ಫಾರ್ ಎಂಡ್ ಫಾಲ್ಟ್. ತನಗೆ ಬೆಳಕು ಬರುತ್ತಿಲ್ಲ ಎಂದು ಕಂಡ ತುದಿ 84 ಒಂದುಗಳು, ಆಮೇಲೆ ಒಂದು ಸೊನ್ನೆ ಎಂಬ ವಿಶಿಷ್ಟ ಸರಣಿಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಮಾಮೂಲಿ ಸಂಚಾರದಲ್ಲಿ ಇಂಥ ಸರಣಿ ಬರುವುದೇ ಇಲ್ಲ. ಅದನ್ನು ಕಂಡ ಈ ತುದಿ 'ನನ್ನ ಮಾತು ಅವರಿಗೆ ಕೇಳುತ್ತಿಲ್ಲ' ಎಂದು ತಿಳಿದು ತಾನೂ ಲಿಂಕ್ ಇಳಿಸುತ್ತದೆ. ಈ ಉಪಾಯ ಎರಡೂ ಪೆಟ್ಟಿಗೆಗಳಿಗೆ ಗೊತ್ತಿದ್ದರೆ ಮಾತ್ರ ಫಲ. ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳನ್ನು ಜೋಡಿ ಮಾಡಿದಾಗ ಎಲ್‌ಎಫ್‌ಪಿ ಕೈಕೊಡುವ ಸಾಧ್ಯತೆಯೂ ಹೆಚ್ಚು.

ಎರಡೂ ತುದಿಯ ಪೆಟ್ಟಿಗೆಗಳು ಒಂದೇ ಭಾಷೆ ಆಡಬೇಕೆಂಬುದನ್ನು ಮೊದಲೇ ಮನಗಂಡವರು ಜಪಾನಿನವರು. ಅಲ್ಲಿ 2000ದ ದಶಕದ ಆರಂಭದಲ್ಲಿ ಮನೆಮನೆಗೆ ಫೈಬರ್ ತಂದಾಗ ಎಷ್ಟೋ ಮನೆಗಳ ಗೋಡೆಯ ಮೇಲೆ ಕೂತದ್ದು ಒಂದೆಳೆಯ ಮೀಡಿಯಾ ಕನ್ವರ್ಟರೇ. ಟೆಲಿಫೋನ್ ಕಂಪನಿಯ ತುದಿ ಮತ್ತು ಗ್ರಾಹಕನ ತುದಿ ಪರಸ್ಪರ ಕ್ಷೇಮ ಸಮಾಚಾರ ವಿನಿಮಯ ಮಾಡಿಕೊಳ್ಳಲೆಂದು ಟಿಎಸ್-1000 ಎಂಬ ಮಾನದಂಡವನ್ನೇ ರೂಪಿಸಿಕೊಂಡರು. ಕೆಲವು ಕನ್ವರ್ಟರುಗಳ ಕೈಪಿಡಿಯಲ್ಲಿ ಇವತ್ತಿಗೂ ಆ ಹೆಸರು ಕಾಣುತ್ತದೆ.

ಇನ್ನೊಂದು ಗುಂಡಿ ಸ್ಟೋರ್ ಆಂಡ್ ಫಾರ್ವರ್ಡ್ ಮತ್ತು ನೇರ ದಾಟಿಸುವ ವಿಧಾನಗಳ ನಡುವಿನ ಆಯ್ಕೆ. ಮೊದಲನೆಯದರಲ್ಲಿ ಪೆಟ್ಟಿಗೆ ಒಂದು ಪುಟ್ಟ ಸ್ವಿಚ್ಚಾಗಿ, ಫ್ರೇಮನ್ನು (ಮಾಹಿತಿಯ ಒಂದು ಕಂತನ್ನು) ಪೂರ್ತಿ ಪಡೆದು, ತಪ್ಪಿದ್ದರೆ ಎಸೆದು, ಸರಿಯಿದ್ದರೆ ಮುಂದೆ ಕಳಿಸುತ್ತದೆ. ತಾಮ್ರದ ಬದಿ 100, ಬೆಳಕಿನ ಬದಿ 1000 ಇದ್ದರೂ ಹೊಂದಿಸಿಕೊಳ್ಳುತ್ತದೆ. ಆದರೆ ತನ್ನ ಹೊಟ್ಟೆಗೆ ಹಿಡಿಸದ ಫ್ರೇಮನ್ನು ಬಾಯಿಬಿಡದೆ ಬಿಸಾಡುತ್ತದೆ. ಈಥರ್‌ನೆಟ್ಟಿನ ಹಳೆಯ ಗರಿಷ್ಠ ಅಳತೆ 1518 ಬೈಟು. ವಿಎಲ್ಯಾನ್ ಚೀಟಿ ಅಂಟಿಸಿದರೆ ಇನ್ನೂ 4 ಸೇರಿ 1522. ಈ ನಾಲ್ಕು ಬೈಟಿಗೆ ಜಾಗವಿಲ್ಲದ ಹಳೆಯ ಪೆಟ್ಟಿಗೆಯಿದ್ದರೆ ಚಿಕ್ಕದೆಲ್ಲ ದಾಟುತ್ತದೆ, ತುಂಬಿದ ಫ್ರೇಮು ಮಾತ್ರ ದಾಟುವುದಿಲ್ಲ. ಲಾಗಿನ್ ಪುಟ ತೆರೆಯುತ್ತದೆ, ಆಮೇಲೆ ಖಾಲಿ ಪರದೆ. ಇದನ್ನು ಹಿಡಿಯಲು 'ತುಂಡು ಮಾಡಬೇಡ' ಎಂಬ ಸೂಚನೆಯೊಂದಿಗೆ 1472 ಬೈಟಿನ ಪಿಂಗ್ ಕಳಿಸಿ ನೋಡಬೇಕು. ತಲೆಬರಹಗಳು ಸೇರಿ ಅದು ಸರಿಯಾಗಿ 1500 ಆಗುತ್ತದೆ. ಎರಡನೆಯ, ನೇರ ದಾಟಿಸುವ ವಿಧಾನದಲ್ಲಿ ಇಂಥ ತಂಟೆ ಕಡಿಮೆ, ಆದರೆ ಎರಡೂ ಬದಿಯ ವೇಗ ಒಂದೇ ಇರಬೇಕು.

ಎ ಎಂಡ್, ಬಿ ಎಂಡ್

ನಮ್ಮ ಕೇಬಲ್‌ನವರಿಗೆ ಅಚ್ಚುಮೆಚ್ಚಿನದು ಒಂದೆಳೆಯ ಕನ್ವರ್ಟರ್. ಎರಡು ಎಳೆ ಬೇಕಾದ ಕಡೆ ಒಂದರಲ್ಲೇ ಕೆಲಸ ಮುಗಿಸುವುದು ಇದರ ಜಾಣ್ಮೆ. ಹೋಗುವ ಬೆಳಕಿಗೂ ಬರುವ ಬೆಳಕಿಗೂ ಬೇರೆ ಬೇರೆ ತರಂಗಾಂತರ ಕೊಟ್ಟರಾಯಿತು. ಎ ಪೆಟ್ಟಿಗೆ 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಬಿ ಪೆಟ್ಟಿಗೆ ಇದರ ತಿರುಗುಮುರುಗು. ಇದಕ್ಕಾಗಿಯೇ ಇವು ಜೋಡಿಯಾಗಿ ಮಾರಾಟವಾಗುವುದು. ಎರಡೂ ತುದಿಗೆ ಎ ಹಾಕಿದರೆ ಇಬ್ಬರೂ 1310ರಲ್ಲಿ ಕೂಗುತ್ತಾರೆ, ಇಬ್ಬರೂ 1550ಕ್ಕೆ ಕಿವಿಗೊಟ್ಟು ಕೂತಿರುತ್ತಾರೆ. ಜೋಡಿಯಲ್ಲಿ ಒಂದು ಸುಟ್ಟಾಗ ಗೋಡೌನಿನಲ್ಲಿ ಸಿಗುವುದು ಯಾವಾಗಲೂ ಬೇಡದ ಅಕ್ಷರದ್ದೇ ಎಂಬುದು ಈ ಕಸುಬಿನವರ ನಿತ್ಯದ ಗೋಳು.

ಇಲ್ಲೊಂದು ಸೂಕ್ಷ್ಮ ಇದೆ, ಕಂಬದ ಮೇಲಿನ ಕೆಲಸದವರಿಗೆ ತುಂಬ ಉಪಯೋಗಕ್ಕೆ ಬರುವಂಥದು. ಫೈಬರ್ ಬಾಗಿದಾಗ ಬೆಳಕು ಹೊರಗೆ ಸೋರುತ್ತದೆ. ಹೀಗೆ ಸೋರುವುದು 1310ಕ್ಕಿಂತ 1550ರಲ್ಲಿ ಜಾಸ್ತಿ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಕೇಬಲ್ ಟೈ ಜಗ್ಗಿ ಕಟ್ಟಿದರೆ ಎ ಕಳಿಸಿದ್ದು ಬಿಗೆ ಚೆನ್ನಾಗಿ ತಲುಪುತ್ತದೆ, ಬಿ ಕಳಿಸಿದ್ದು ಎಗೆ ಬಳಲಿ ತಲುಪುತ್ತದೆ, ಅಥವಾ ತಲುಪುವುದೇ ಇಲ್ಲ. ಎಳೆ ಒಂದೇ, ದಾರಿ ಒಂದೇ, ಆದರೂ ಒಂದು ದಿಕ್ಕು ಮಾತ್ರ ಸೊರಗಿದೆ ಎಂದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಸುರುಳಿ ಬಿಡಿಸಿ ನೋಡಬೇಕು. ಕೆಂಪು ಬೆಳಕಿನ ಪೆನ್ನು ಚುಚ್ಚಿದರೆ ಹಳದಿ ಹೊದಿಕೆಯ ಮೂಲಕವೇ ಬಾಗಿದ ಜಾಗ ಕೆಂಪಗೆ ಹೊಳೆಯುತ್ತದೆ.

ದೂರದ ಲೆಕ್ಕ ಕಷ್ಟದ್ದೇನಲ್ಲ. 20 ಕಿಲೋಮೀಟರ್ ಎಂದು ಮಾರುವ ಒಂದು ಸಾಧಾರಣ ಗಿಗಾಬಿಟ್ ಕನ್ವರ್ಟರ್ ಕಡಿಮೆಯೆಂದರೆ ಮೈನಸ್ 9.5 ಡಿಬಿಎಂ ಬೆಳಕು ಕಳಿಸುತ್ತದೆ, ಮೈನಸ್ 20ರವರೆಗೆ ಇಳಿದರೂ ಓದಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಕೈಯಲ್ಲಿರುವ ಬಂಡವಾಳ 10.5 ಡೆಸಿಬೆಲ್. 12 ಕಿಲೋಮೀಟರಿಗೆ 4.2 ಖರ್ಚು. ನಾಲ್ಕು ಜಾಯಿಂಟುಗಳಿಗೆ ತಲಾ 0.1ರಂತೆ 0.4. ಎರಡು ಕಡೆಯ ಕನೆಕ್ಟರುಗಳಿಗೆ ತಲಾ 0.5ರಂತೆ ಒಂದು. ಒಟ್ಟು 5.6. ಮುಂದೆ ಕಡಿದಾಗ ಹಾಕಬೇಕಾದ ಜಾಯಿಂಟುಗಳಿಗೆ, ಪೆಟ್ಟಿಗೆಗೆ ವಯಸ್ಸಾಗುವುದಕ್ಕೆ 3 ಡೆಸಿಬೆಲ್ ಕಾಯ್ದಿಟ್ಟರೂ 8.6. ಲೈನ್ ನಡೆಯುತ್ತದೆ. ಆ ಮೂರನ್ನು ಕಾಯ್ದಿಡದವರ ಲೈನ್ ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ, ಒಂದೆರಡು ಮಳೆಗಾಲ ಕಳೆದಮೇಲೆ ತೊಂದರೆ ಶುರು.

ಹೆಚ್ಚಾದರೂ ತೊಂದರೆಯೇ. 'ಪವರ್‌ಫುಲ್ ಇರಲಿ' ಎಂದು 80 ಕಿಲೋಮೀಟರಿನ ಎಸ್‌ಎಫ್‌ಪಿ ತಂದು ಅರ್ಧ ಕಿಲೋಮೀಟರಿನ ಲೈನಿಗೆ ಹಾಕುವವರಿದ್ದಾರೆ. ಅದು ಕಳಿಸುವ ಬೆಳಕು 0ಯಿಂದ 5 ಡಿಬಿಎಂ, ಎದುರಿನದಕ್ಕೆ ತಡೆಯುವ ಮಿತಿ ಮೈನಸ್ 3ರ ಆಸುಪಾಸು. ಕಣ್ಣು ಕುಕ್ಕಿ ಏನೂ ಓದಲಾಗದು, ಕೆಲವೊಮ್ಮೆ ಕಣ್ಣೇ ಹೋಗಬಹುದು. ನಡುವೆ ಅಟೆನ್ಯುಯೇಟರ್ ಹಾಕಬೇಕು, ಅಥವಾ ಬುದ್ಧಿವಂತಿಕೆಯಿಂದ ಅಗ್ಗದ ಎಸ್‌ಎಫ್‌ಪಿಯನ್ನೇ ಕೊಳ್ಳಬೇಕು.

ಕನೆಕ್ಟರಿನ ಬಣ್ಣ ಅಲಂಕಾರಕ್ಕಲ್ಲ. ನೀಲಿಯ ತುದಿ ನೇರ, ಹಸಿರಿನ ತುದಿ ಎಂಟು ಡಿಗ್ರಿ ಓರೆ. ಟಿವಿ ಕೇಬಲ್‌ನವರ ಹತ್ತಿರ ಹಸಿರು ಧಾರಾಳ, ಕನ್ವರ್ಟರಿನ ಬಾಯಿ ಸಾಮಾನ್ಯವಾಗಿ ನೀಲಿ. ಹಸಿರನ್ನು ನೀಲಿಗೆ ತುರುಕಿದರೆ ಸಲೀಸಾಗಿ ಕೂರುತ್ತದೆ, ನಡುವೆ ಉಳಿದ ಗಾಳಿಯಲ್ಲಿ ಹಲವು ಡೆಸಿಬೆಲ್ ಕಳೆದುಹೋಗುತ್ತದೆ. ಕೊಳೆಯ ಕತೆಯೂ ಹಾಗೆಯೇ. ಬೆಳಕು ಹರಿಯುವ ತಿರುಳಿನ ಅಗಲ ಬರೇ 9 ಮೈಕ್ರಾನ್, ಒಮ್ಮೆ ಬೆರಳು ತಾಗಿಸಿದರೆ ಅಂಟುವ ಎಣ್ಣೆ ಅದನ್ನು ಮುಚ್ಚಲು ಸಾಕು. ಅಂಗಿಯ ಚುಂಗಿನಿಂದ ಒರೆಸುವ ಪದ್ಧತಿ ನಮ್ಮಲ್ಲಿ ಎಲ್ಲೆಲ್ಲೂ ಇದೆ, ಒರೆಸಿದಮೇಲೆ ಹೊಸ ದೂಳು ಕೂತಿರುತ್ತದೆ.

ಬೆಳಕು ಬರುತ್ತಿದೆಯೇ ನೋಡಲು ಮೊಬೈಲಿನ ಕ್ಯಾಮೆರಾ ಹಿಡಿಯುವುದು ಇನ್ನೊಂದು ರೂಢಿ. 850 ನ್ಯಾನೋಮೀಟರಿನ ಹಳೆಯ ಮಲ್ಟಿಮೋಡ್ ಪೆಟ್ಟಿಗೆಗಳಲ್ಲಿ ಮಂಕಾಗಿ ಕಂಡೀತು. 1310, 1550 ಆ ಕ್ಯಾಮೆರಾಗಳಿಗೆ ಕಾಣುವುದಿಲ್ಲ, ಸುಮಾರು 1100ರಾಚೆಗೆ ಸಿಲಿಕಾನ್ ಕುರುಡು. ಕಂಡಿಲ್ಲ ಎಂದು ಪೆಟ್ಟಿಗೆ ಎಸೆದವರಿದ್ದಾರೆ. ಬರಿಗಣ್ಣಿಗೂ ಅವು ಕಾಣುವುದಿಲ್ಲ, ಆದ್ದರಿಂದಲೇ ಎಳೆಯ ತುದಿಗೆ ಕಣ್ಣಿಡುವುದು ಇನ್ನೂ ಅಪಾಯ.

ಸಿಡಿಲು, ಕರೆಂಟು, ಅಡಾಪ್ಟರ್

ದೂರ ಕಡಿಮೆಯಿದ್ದರೂ ಕನ್ವರ್ಟರ್ ಹಾಕಬೇಕಾದ ಜಾಗಗಳಿವೆ. ಭರಣಿ, ಕೃತ್ತಿಕೆ ಮಳೆಯ ಗುಡುಗಿಗೆ ಮಲೆನಾಡಿನಲ್ಲಿ ಸುಡುವ ರೂಟರುಗಳಿಗೆ ಲೆಕ್ಕವಿಲ್ಲ. ಮನೆಯಿಂದ ಅಡಿಕೆ ಗೋಡೌನಿಗೆ ಅರವತ್ತು ಮೀಟರ್ ತಾಮ್ರ ಎಳೆದಿದ್ದರೆ, ಸಿಡಿಲು ಹತ್ತಿರದಲ್ಲಿ ಎಲ್ಲಿ ಬಡಿದರೂ ಆ ತಂತಿಯಲ್ಲಿ ಹೊಯ್ದಾಟ ಎದ್ದು ಎರಡೂ ತುದಿಗಳನ್ನು ಸುಡುತ್ತದೆ. ಗಾಜಿನಲ್ಲಿ ಕರೆಂಟು ಹರಿಯದು. ವಿದ್ಯುತ್ ಸಬ್‌ಸ್ಟೇಷನ್ನುಗಳಲ್ಲಿ ಫೈಬರಿಗೇ ಆದ್ಯತೆ ಕೊಡುವುದೂ ಇದರಿಂದಲೇ. ಭೂಮಿಗೆ ದೋಷದ ಕರೆಂಟು ಇಳಿದಾಗ ಅಲ್ಲಿನ ನೆಲದ ವೋಲ್ಟೇಜೇ ಸಾವಿರಗಟ್ಟಲೆ ಏರಬಲ್ಲದು, ಹೊರಗಿನಿಂದ ಬಂದ ತಾಮ್ರ ಅದನ್ನು ಹೊತ್ತು ತಿರುಗುತ್ತದೆ. ಆದರೆ ಒಂದು ಎಚ್ಚರ: ಇಲಿ, ಅಳಿಲಿನ ಕಾಟಕ್ಕೆಂದು ಉಕ್ಕಿನ ಕವಚವಿರುವ ಕೇಬಲ್ ಹಾಕಿದ್ದರೆ, ಕಂಬದಿಂದ ಬರುವ ಡ್ರಾಪ್ ಕೇಬಲ್ಲಿನಲ್ಲಿ ಉಕ್ಕಿನ ತಂತಿ ಇದ್ದರೆ, ಆ ಲೋಹ ಸಿಡಿಲಿಗೆ ದಾರಿಯೇ. ಅದನ್ನು ಕಟ್ಟಡದ ಬಾಗಿಲಲ್ಲೇ ಅರ್ತ್ ಮಾಡಿ ನಿಲ್ಲಿಸಬೇಕು, ಪೆಟ್ಟಿಗೆಯ ಹತ್ತಿರಕ್ಕೆ ಬಿಡಬಾರದು.

ಕನ್ವರ್ಟರುಗಳು ಸಾಯುವುದಕ್ಕೆ ಬೆಳಕಿಗಿಂತ ಹೆಚ್ಚಾಗಿ ಕಾರಣವಾಗುವುದು ಆ 5 ವೋಲ್ಟಿನ ಅಡಾಪ್ಟರ್. ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯಲ್ಲಿ ಅದರ ಕೆಪಾಸಿಟರ್ ಉಬ್ಬುತ್ತದೆ, ದೀಪ ಉರಿಯುವಷ್ಟು ವೋಲ್ಟೇಜ್ ಇರುತ್ತದೆ, ಲೇಸರ್ ನಡೆಸುವಷ್ಟು ಇರುವುದಿಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ ಕಂಬದ ಮೇಲೆ ಕರೆಂಟಿಗೆ ಗತಿಯಿಲ್ಲದೆ, ಗ್ರಾಹಕರ ಮನೆಯಿಂದಲೇ ಲ್ಯಾನ್ ಕೇಬಲ್ಲಿನ ಮೂಲಕ ಮೇಲಕ್ಕೆ ಕರೆಂಟು ಕಳಿಸುವ ರಿವರ್ಸ್ ಪಿಒಇ ಸ್ವಿಚ್ಚುಗಳು ಬಂದವು. ಬೀದಿಯಲ್ಲಿ ಕರೆಂಟೇ ಬೇಡದ ಜಿಪಾನ್ ಎಂಬ ಫೈಬರ್ ಜಾಲ ಬಂದಮೇಲೆ ಈ ಸರ್ಕಸ್ಸು ಕಡಿಮೆಯಾಗುತ್ತಿದೆ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ತಂದದ್ದೂ ಜಿಪಾನನ್ನೇ. ಆದರೂ ಗೇಟಿನ ಕ್ಯಾಮೆರಾಗೆ, ಪಂಪ್‌ಹೌಸಿಗೆ, ಎರಡು ಕಟ್ಟಡಗಳ ನಡುವಿನ ಒಂದು ಎಳೆಗೆ ಅಷ್ಟೆಲ್ಲ ಯಾರು ಹಾಕುತ್ತಾರೆ? ಅಲ್ಲಿ ಕನ್ವರ್ಟರ್ ಇನ್ನೂ ಬಹುಕಾಲ ಇರುತ್ತದೆ.

ಹಾಗಿದ್ದಲ್ಲಿ ಲೈನ್ ಒಪ್ಪಿಕೊಳ್ಳುವವರು ಸಹಿ ಹಾಕುವ ಮೊದಲು ಮೂರು ಕೆಲಸ ಮಾಡಿಸಿಕೊಳ್ಳಬಹುದು. ಹಾಕಿದವರ ಎದುರೇ ಫೈಬರ್ ಕೀಳಿಸಿ, ಎರಡೂ ತುದಿಯ ಸ್ವಿಚ್ಚುಗಳಲ್ಲಿ ಪೋರ್ಟಿನ ದೀಪ ಆರುತ್ತದೆಯೇ ನೋಡಬೇಕು. ಫೈಬರನ್ನು ಮತ್ತೆ ಹಾಕಿಸಿ, ಆ ತುದಿಯ ಲ್ಯಾನ್ ಕೇಬಲ್ ಕಿತ್ತಾಗಲೂ, ಅಡಾಪ್ಟರ್ ಕಿತ್ತಾಗಲೂ ಈ ತುದಿಯಲ್ಲಿ ಅದೇ ಆಗುತ್ತದೆಯೇ ನೋಡಬೇಕು. ಆಮೇಲೆ ಪವರ್ ಮೀಟರಿನ ಅಂಕಿ, ಎ ಯಾವ ಕಡೆ ಬಿ ಯಾವ ಕಡೆ, ಡಿಪ್ ಸ್ವಿಚ್ಚಿನಲ್ಲಿ ಯಾವ ಗುಂಡಿ ಮೇಲೆ ಯಾವುದು ಕೆಳಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿ, ತಗಡಿನ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಬೇಕು. ಮುಂದಿನ ಸಲ ಸುಟ್ಟಾಗ ಅಂಗಡಿಯಿಂದ ಬರುವ ಹೊಸ ಪೆಟ್ಟಿಗೆಯ ಗುಂಡಿಗಳು ಕಾರ್ಖಾನೆಯಲ್ಲಿ ಇಟ್ಟ ಹಾಗೆಯೇ ಇರುತ್ತವೆ, ಮತ್ತು ಎಷ್ಟೋ ಕಂಪನಿಗಳು ಎಲ್‌ಎಫ್‌ಪಿಯನ್ನು ಆಫ್ ಮಾಡಿಯೇ ಕಳಿಸುತ್ತವೆ.